ಚಳಿಗಾಲದಲ್ಲಿ ಮನೆಯೊಳಗಿನ ದೀರ್ಘ ಟ್ರೈನರ್ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿನ್ನೆಸೋಟದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಗರಗಳಲ್ಲಿ ನವೆಂಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ರೋಡ್ ಬೈಕ್ ಓಡಿಸಲು ತಕ್ಕ ರಸ್ತೆ ಸಿಗುವುದು ಅಪರೂಪ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 9 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನಲ್ಲಿ ಭಾನುವಾರ ನಸುಕಿನಲ್ಲೇ ಹೊರಟು ನಂದಿಬೆಟ್ಟ ಹತ್ತಿಳಿದು ಬರುವ ರೂಢಿಯಿದ್ದವರು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಟ್ರೈನರ್ (ಸೈಕಲ್ಲನ್ನು ಕೂರಿಸಿ ನಿಂತಲ್ಲೇ ತುಳಿಯುವ ಯಂತ್ರ) ಕೊಳ್ಳುತ್ತಾರೆ, ನಾಲ್ಕೈದು ಸಲ ತುಳಿಯುತ್ತಾರೆ, ಆಮೇಲೆ ಬೇಸತ್ತು ಮೂಲೆಗೆ ಸರಿಸುತ್ತಾರೆ. ಅಂಥವರು ವರ್ಷವರ್ಷವೂ ನನ್ನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಟೊರಾಂಟೊ, ಶಿಕಾಗೊದಂಥ ಊರುಗಳಲ್ಲಿರುವವರಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ. ದೀರ್ಘ ಸವಾರಿ ಎಂದರೆ ಇಲ್ಲಿ ಒಂದೂವರೆ ಗಂಟೆಗಿಂತ ಹೆಚ್ಚಿನದು ಎಂದು ಓದಿಕೊಳ್ಳಬೇಕು.

ಹೊರಗೆ ಐದು ಗಂಟೆ ತುಳಿಯುವ ನನಗೆ ಮನೆಯೊಳಗೆ ಒಂದು ಗಂಟೆಯೂ ಏಕೆ ಸಾಗುವುದಿಲ್ಲ?

ಬಹುತೇಕ ಎಲ್ಲರೂ ಇದನ್ನು ಮನೋಬಲದ ಕೊರತೆ ಎಂದುಕೊಂಡು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಕಾರಣ ಶಾಖ. ದೇಹ ಬಳಸುವ ಶಕ್ತಿಯಲ್ಲಿ ಪೆಡಲ್ ತಲುಪುವುದು ಶೇಕಡ 20ರಿಂದ 25ರಷ್ಟು ಮಾತ್ರ, ಉಳಿದದ್ದು ಶಾಖವಾಗಿಯೇ ಹೋಗುತ್ತದೆ. ಅಂದರೆ 200 ವ್ಯಾಟ್‌ನಲ್ಲಿ ತುಳಿಯುತ್ತಿರುವವರ ಮೈಯಿಂದ 600ರಿಂದ 800 ವ್ಯಾಟ್‌ನಷ್ಟು ಶಾಖ ಹೊರಬೀಳಬೇಕು. ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವಾಗ ಎದುರಿನಿಂದ ಬರುವ ಗಾಳಿ ಬೆವರನ್ನು ಹುಟ್ಟಿದ ಕ್ಷಣವೇ ಆರಿಸಿಬಿಡುವುದರಿಂದ ನಾವು ಬೆವರುತ್ತಿದ್ದೇವೆಂಬುದು ನಮಗೆ ತಿಳಿಯುವುದೂ ಇಲ್ಲ. ಕೋಣೆಯೊಳಗೆ ಅದೇ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತದೆ. ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಣಿಯುವುದಿಲ್ಲ, ಚರ್ಮದ ಮೇಲೆ ಆರಿದ ಬೆವರಿನಿಂದಷ್ಟೇ ತಣಿಯುತ್ತದೆ. ಶಾಖ ಹೊರಹೋಗದಿದ್ದಾಗ ದೇಹ ಹೆಚ್ಚೆಚ್ಚು ರಕ್ತವನ್ನು ಚರ್ಮದತ್ತ ತಿರುಗಿಸುತ್ತದೆ, ಬೆವರು ಹರಿದಂತೆ ರಕ್ತದ ದ್ರವಾಂಶ ಇಳಿಯುತ್ತದೆ, ಹಾಗಾಗಿ ಅದೇ ವ್ಯಾಟ್‌ಗೆ ಹೃದಯ ಇನ್ನಷ್ಟು ವೇಗವಾಗಿ ಬಡಿಯಬೇಕಾಗುತ್ತದೆ. ಮೊದಲ 20 ನಿಮಿಷ 130ರಲ್ಲಿದ್ದ ಹೃದಯ ಬಡಿತ ಒಂದು ಗಂಟೆಯ ಹೊತ್ತಿಗೆ, ವ್ಯಾಟ್ ಬದಲಾಗದಿದ್ದರೂ, 150 ದಾಟಿದ್ದರೆ ಆಗಿರುವುದು ಇದೇ.

ಇನ್ನೆರಡು ಕಾರಣಗಳೂ ಇವೆ. ರಸ್ತೆಯಲ್ಲಿ ಇಳಿಜಾರು, ತಿರುವು, ಸಿಗ್ನಲ್ ಬಂದಾಗಲೆಲ್ಲ ಕಾಲಿಗೆ ಬಿಡುವು ಸಿಗುತ್ತದೆ, ಟ್ರೈನರ್ ಮೇಲೆ ಅಂಥ ಬಿಡುವು ಇಲ್ಲ. ಸೈಕಲ್ ಕೆಳಗೆ ಬಿಗಿಯಾಗಿ ನಿಂತಿರುವುದರಿಂದ ಮೈಯೂ ಒಂದೇ ಭಂಗಿಯಲ್ಲಿ ಕಟ್ಟಿಹಾಕಿದಂತಾಗುತ್ತದೆ.

ಹಾಗಾದರೆ ಫ್ಯಾನ್ ಎಷ್ಟು ದೊಡ್ಡದಿರಬೇಕು? ಹೊರಗೆ ಹಿಮ ಬೀಳುತ್ತಿರುವಾಗಲೂ ಬೇಕೆ?

ಬೇಕು. ಟ್ರೈನರ್ ಕೊಂಡ ಮೇಲೆ ಕೈಯಲ್ಲಿ ಉಳಿದ ಹಣವನ್ನು ಮೊದಲು ಸುರಿಯಬೇಕಾದದ್ದು ಫ್ಯಾನಿಗೆ, ಟಿವಿಗಲ್ಲ. ಮೇಜಿನ ಮೇಲಿಡುವ ಚಿಕ್ಕ ಫ್ಯಾನ್ ಸಾಲುವುದಿಲ್ಲ. ನೆಲದ ಮೇಲಿಟ್ಟು ಮೇಲ್ಮುಖವಾಗಿ ಓರೆ ಮಾಡಬಹುದಾದ, 18ರಿಂದ 20 ಇಂಚಿನ ದೊಡ್ಡ ಫ್ಯಾನ್ ಒಂದನ್ನು ಮುಂಭಾಗದಲ್ಲಿ ಎದೆಗೆ ಗಾಳಿ ಬೀಸುವಂತೆ ಇರಿಸಿ, ಸಾಧ್ಯವಾದರೆ ಎರಡನೆಯದನ್ನು ಬೆನ್ನಿನ ಪಕ್ಕದಿಂದ ಬೀಸುವಂತೆ ಇಡಿ. ಹತ್ತು ನಿಮಿಷವಾದ ಮೇಲೆ ಹಾಕುವುದಕ್ಕಿಂತ ಮೊದಲ ನಿಮಿಷದಿಂದಲೇ ಸಣ್ಣಗೆ ಹಾಕಿಟ್ಟರೆ ಒಳ್ಳೆಯದು. ಒಮ್ಮೆ ಏರಿದ ಮೈಬಿಸಿಯನ್ನು ತುಳಿಯುತ್ತಲೇ ಇಳಿಸುವುದು ಕಷ್ಟ.

ಕೋಣೆಯ ಹೀಟರನ್ನು ಸವಾರಿಗೆ ಅರ್ಧ ಗಂಟೆ ಮೊದಲೇ ತಗ್ಗಿಸಿ. ಶುರುಮಾಡುವಾಗ ಚಳಿ ಎನಿಸಿದರೆ ಅದೇ ಸರಿಯಾದ ಉಷ್ಣತೆ, ಹತ್ತು ನಿಮಿಷದಲ್ಲಿ ಮೈ ಕಾಯುತ್ತದೆ. ಕಿಟಕಿಯನ್ನು ನಾಲ್ಕು ಬೆರಳಿನಷ್ಟಾದರೂ ತೆರೆದಿಡಿ. ಏದುಸಿರು ಬಿಡುವ ಒಬ್ಬರು ಮುಚ್ಚಿದ ಚಿಕ್ಕ ಕೋಣೆಯ ಗಾಳಿಯನ್ನು ಬಹಳ ಬೇಗ ಉಸಿರುಗಟ್ಟುವಂತೆ ಮಾಡುತ್ತಾರೆ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದಾಗ ಕಿಟಕಿ ತೆರೆಯುವುದು ಮನೆಯ ಉಳಿದವರಿಗೆ ಸರಿಬರುವುದಿಲ್ಲ; ಆ ಕೋಣೆಯ ಬಾಗಿಲು ಮುಚ್ಚಿ, ಬಾಗಿಲಡಿಯ ಸಂದಿಗೆ ಹಳೆಯ ಟವೆಲ್ ಇಟ್ಟರೆ ಮನೆಯ ಶಾಂತಿಗೆ ಭಂಗವಿಲ್ಲ.

ಗ್ಯಾರೇಜಿನಲ್ಲಿ ತುಳಿಯಬಹುದೆ?

ಗ್ಯಾರೇಜು ಸೊನ್ನೆಯಿಂದ 10 ಡಿಗ್ರಿಯ ನಡುವೆ ಇದ್ದರೆ ಮನೆಯೊಳಗಿಗಿಂತಲೂ ಸುಖ. ಮೊದಲ ಹತ್ತು ನಿಮಿಷಕ್ಕೆ ತೆಳುವಾದ ಜಾಕೆಟ್, ಕೈಗವಸು ಹಾಕಿಕೊಂಡು ಆಮೇಲೆ ಕಳಚಿಡಬಹುದು. ಅದಕ್ಕಿಂತ ಕೆಳಗಿಳಿದರೆ ನಿಮ್ಮ ಯಂತ್ರದ ಕೈಪಿಡಿಯಲ್ಲಿ ಎಷ್ಟು ಉಷ್ಣತೆಯವರೆಗೆ ಬಳಸಬಹುದೆಂದು ಬರೆದಿರುತ್ತದೆ, ಅದನ್ನು ನೋಡಿ. ಒಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ನೀವು ತುಳಿಯುವಾಗಲಾಗಲಿ, ಅದಕ್ಕೆ ಸ್ವಲ್ಪ ಮೊದಲಾಗಲಿ ಗ್ಯಾರೇಜಿನಲ್ಲಿ ಕಾರಿನ ಎಂಜಿನ್ ಚಾಲೂ ಇರಕೂಡದು, ಸೀಮೆಎಣ್ಣೆ ಅಥವಾ ಗ್ಯಾಸಿನ ಹೀಟರ್ ಉರಿಸಕೂಡದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ವ್ಯಾಯಾಮ ಮಾಡುತ್ತಿರುವವರು ಅದನ್ನು ಸಾಮಾನ್ಯರಿಗಿಂತ ಬೇಗ ಒಳಗೆಳೆದುಕೊಳ್ಳುತ್ತಾರೆ.

ಯಾವ ಬಗೆಯ ಟ್ರೈನರ್ ಕೊಳ್ಳಬೇಕು?

ಹಿಂದಿನ ಚಕ್ರವನ್ನು ರೋಲರಿಗೆ ಒತ್ತಿಹಿಡಿಯುವ ಟ್ರೈನರ್ ಅಗ್ಗ, ಆದರೆ ಸದ್ದು ಹೆಚ್ಚು, ಟಯರ್ ಬೇಗ ಸವೆಯುತ್ತದೆ. ಅದಕ್ಕೊಂದು ಹಳೆಯ ಟಯರ್ ಅಥವಾ ಟ್ರೈನರಿಗೆಂದೇ ಬರುವ ಗಟ್ಟಿ ಟಯರ್ ಮೀಸಲಿಡಬೇಕು. ಹಿಂದಿನ ಚಕ್ರವನ್ನೇ ತೆಗೆದು ಚೈನನ್ನು ನೇರವಾಗಿ ಟ್ರೈನರಿನ ಗೇರಿಗೆ ಕೂರಿಸುವ ಡೈರೆಕ್ಟ್ ಡ್ರೈವ್ ಬಗೆಯದು ದುಬಾರಿ, ನಿಶ್ಶಬ್ದ, ತೋರಿಸುವ ವ್ಯಾಟ್ ಹೆಚ್ಚು ನಂಬಿಕೆಗೆ ಅರ್ಹ. ಮೂರು ಉರುಳೆಗಳ ಮೇಲೆ ಸಮತೋಲ ಕಾಯ್ದುಕೊಂಡು ತುಳಿಯುವ ರೋಲರ್ಸ್ ಮೈಗೆ ಒಳ್ಳೆಯದಾದರೂ, ಗಮನ ಕದಲಿದರೆ ಬೀಳುವ ಸಾಧ್ಯತೆ ಇರುವುದರಿಂದ ಮೂರು ಗಂಟೆಯ ಸವಾರಿಗೆ ನಾನು ಸಲಹೆ ಮಾಡುವುದಿಲ್ಲ. ವಾರಕ್ಕೆ ಮೂರು ದಿನ ತುಳಿಯುವುದು ಖಚಿತವಾದ ಮೇಲಷ್ಟೇ ದುಬಾರಿಯದಕ್ಕೆ ಕೈಹಾಕಿ.

ಏಪ್ರಿಲ್‌ನಲ್ಲಿ 200 ಕಿ.ಮೀ. ಬ್ರೆವೆ ಮಾಡಬೇಕೆಂದಿದ್ದೇನೆ. ಮನೆಯೊಳಗೆ ಆರೇಳು ಗಂಟೆ ತುಳಿಯಬೇಕೆ?

ಬೇಡ. ಬ್ರೆವೆ ಎಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ; 200 ಕಿ.ಮೀ.ಯದಕ್ಕೆ 13 ಗಂಟೆ 30 ನಿಮಿಷಗಳ ಅವಕಾಶವಿರುತ್ತದೆ. ಅಲ್ಲಿ ಬೇಕಾದದ್ದು ಸಮವೇಗದ ತಾಳಿಕೆ. ಆ ತಾಳಿಕೆಯ ಬುನಾದಿಯನ್ನು ವಾರಾಂತ್ಯದ ಎರಡೂವರೆಯಿಂದ ಮೂರು ಗಂಟೆಯ ಒಂದು ಸವಾರಿ, ವಾರದ ನಡುವೆ ಒಂದೊಂದು ಗಂಟೆಯ ಎರಡು ಸವಾರಿಗಳಿಂದ ಹಾಕಬಹುದು. ಇನ್ನೂ ಬೇಕೆನಿಸಿದರೆ ಶನಿವಾರ ಎರಡೂವರೆ ಗಂಟೆ, ಭಾನುವಾರ ಎರಡು ಗಂಟೆ ಎಂದು ಹಂಚಿಕೊಳ್ಳಿ. ದಣಿದ ಕಾಲಿನಲ್ಲಿ ತುಳಿಯುವ ಅಭ್ಯಾಸವೂ ಆಗುತ್ತದೆ, ಒಂದೇ ದಿನ ಐದು ಗಂಟೆ ಗೋಡೆ ನೋಡುತ್ತ ಕೂರುವುದೂ ತಪ್ಪುತ್ತದೆ. 600 ಕಿ.ಮೀ. ಬ್ರೆವೆಗಾಗಲಿ, ನಾಲ್ಕು ವರ್ಷಕ್ಕೊಮ್ಮೆ ಬರುವ 1200 ಕಿ.ಮೀ.ಯ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗಾಗಲಿ ತಯಾರಾಗುವವರಿಗೂ ಜನವರಿಯಲ್ಲಿ ಇದಕ್ಕಿಂತ ಹೆಚ್ಚು ಬೇಕಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ದೂರದ ಸವಾರಿಗಳನ್ನು ಏಪ್ರಿಲ್ ನಂತರ ರಸ್ತೆಯೇ ಕಲಿಸುತ್ತದೆ.

ಸಮಯವನ್ನು ಏಕಾಏಕಿ ಏರಿಸಬೇಡಿ. ಒಂದು ಗಂಟೆಯಿಂದ ಶುರುಮಾಡಿ ಪ್ರತಿ ವಾರಾಂತ್ಯ 15 ನಿಮಿಷ ಸೇರಿಸುತ್ತ ಹೋಗಿ, ನಾಲ್ಕನೆಯ ವಾರ ಇಳಿಸಿ, ಮತ್ತೆ ಏರಿಸಿ. ಡಿಸೆಂಬರ್ ಮೊದಲ ವಾರ ಒಂದು ಗಂಟೆಯಿದ್ದವರು ಹೀಗೆ ಹೋದರೆ ಫೆಬ್ರುವರಿ ಕೊನೆಯ ಹೊತ್ತಿಗೆ ಎರಡೂವರೆ ಗಂಟೆಯನ್ನು ನೆಮ್ಮದಿಯಿಂದ ಮುಟ್ಟುತ್ತಾರೆ.

ಎಷ್ಟು ಬಲವಾಗಿ ತುಳಿಯಬೇಕು?

ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಗರಿಷ್ಠ ಶಕ್ತಿಯನ್ನು ಎಫ್‌ಟಿಪಿ ಎನ್ನುತ್ತಾರೆ. 20 ನಿಮಿಷ ಪೂರ್ಣ ಬಲದಿಂದ ತುಳಿದು ಬಂದ ಸರಾಸರಿ ವ್ಯಾಟ್‌ನ ಶೇಕಡ 95ನ್ನು ಅದಕ್ಕೆ ಲೆಕ್ಕ ಹಿಡಿಯುವುದು ರೂಢಿ. ಈ ಪರೀಕ್ಷೆಯನ್ನು ಟ್ರೈನರ್ ಮೇಲೆಯೇ ಮಾಡಿ. ರಸ್ತೆಯಲ್ಲಿ ಬಂದ ಸಂಖ್ಯೆಯನ್ನು ಒಳಗೆ ತಂದು, ಅದಕ್ಕೆ ತಕ್ಕಂತೆ ಬರೆದ ಅಭ್ಯಾಸವನ್ನು ಮುಗಿಸಲಾಗದೆ ಕುಗ್ಗಿದವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅನೇಕರಿಗೆ ಒಳಗಿನ ಸಂಖ್ಯೆ ಕಡಿಮೆಯೇ ಬರುತ್ತದೆ.

ದೀರ್ಘ ಸವಾರಿಯ ವಲಯ ಎಫ್‌ಟಿಪಿಯ ಶೇಕಡ 56ರಿಂದ 75. ಎಫ್‌ಟಿಪಿ 220 ವ್ಯಾಟ್ ಇರುವವರಿಗೆ ಅದು ಸುಮಾರು 123ರಿಂದ 165 ವ್ಯಾಟ್. ಮೊದಲ ಕೆಲವು ವಾರ ಆ ಪಟ್ಟಿಯ ಕೆಳ ಅರ್ಧದಲ್ಲಿಯೇ, ಅಂದರೆ 140 ವ್ಯಾಟ್ ಆಸುಪಾಸಿನಲ್ಲಿ ಇರಿ. ಪಕ್ಕದಲ್ಲಿ ಕೂತವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟು ಹಗುರ ಇರಬೇಕು. ಊರಿಗೆ ಫೋನ್ ಮಾಡಿ ಅಮ್ಮನ ಜೊತೆ ಮಾತಾಡುತ್ತ ಪರೀಕ್ಷಿಸಬಹುದು: "ಯಾಕೋ ಏದುಸಿರು ಬಿಡ್ತಿದ್ದೀಯ?" ಎಂದು ಅವರು ಕೇಳಿದರೆ ವ್ಯಾಟ್ ಇಳಿಸಿ.

ಒಳಗಿನ ಒಂದು ಗಂಟೆ ಹೊರಗಿನ ಒಂದೂವರೆ ಗಂಟೆಗೆ ಸಮ ಎನ್ನುತ್ತಾರೆ. ನಿಜವೆ?

ಎಲ್ಲರಿಗೂ ಅನ್ವಯಿಸುವ ಒಂದು ಸಂಖ್ಯೆ ಇಲ್ಲ. ನಿಮ್ಮ ರಸ್ತೆ ಸವಾರಿಯ ದಾಖಲೆ ತೆರೆದು, ಒಟ್ಟು ಸಮಯದಲ್ಲಿ ಎಷ್ಟು ಹೊತ್ತು ಪೆಡಲ್ ನಿಂತಿತ್ತೆಂದು ನೋಡಿ. ಟ್ರೈನರ್ ಮೇಲೆ ಉಳಿತಾಯವಾಗುವುದು ಅಷ್ಟು ಸಮಯ ಮಾತ್ರ. ಸಿಗ್ನಲ್ ತುಂಬಿದ ನಗರದಲ್ಲಿ ಅದು ಹೆಚ್ಚು, ಸಪಾಟು ಹಳ್ಳಿರಸ್ತೆಯಲ್ಲಿ ಬಹಳ ಕಡಿಮೆ.

ಇಆರ್‌ಜಿ ಮೋಡ್ ಬಳಸಬೇಕೆ?

ಈ ಮೋಡ್‌ನಲ್ಲಿ ನೀವು ಯಾವ ಗೇರಿನಲ್ಲಿದ್ದರೂ, ಎಷ್ಟು ವೇಗವಾಗಿ ಕಾಲಾಡಿಸಿದರೂ, ನಿಗದಿಯಾದ ವ್ಯಾಟ್ ಬರುವಂತೆ ಯಂತ್ರವೇ ಬಿಗಿಯನ್ನು ಹೊಂದಿಸುತ್ತದೆ. ದೀರ್ಘ, ಹಗುರ ಸವಾರಿಗೆ ಇದು ನೆಮ್ಮದಿ. ತೊಂದರೆ ಬರುವುದು ದಣಿದಾಗ. ಕಾಲು ನಿಧಾನವಾದರೆ ಅದೇ ವ್ಯಾಟ್ ಕಾಯಲು ಯಂತ್ರ ಬಿಗಿ ಹೆಚ್ಚಿಸುತ್ತದೆ, ಬಿಗಿ ಹೆಚ್ಚಾದಾಗ ಕಾಲು ಇನ್ನಷ್ಟು ನಿಧಾನವಾಗುತ್ತದೆ, ಕೊನೆಗೆ ಪೆಡಲ್ ನಿಂತೇಹೋಗುತ್ತದೆ. ಹಾಗಾಗುತ್ತಿದೆ ಎನಿಸಿದ ಕೂಡಲೇ ಗುರಿಯನ್ನು ಹತ್ತು ವ್ಯಾಟ್ ಇಳಿಸಿ, ಕಾಲಿನ ವೇಗವನ್ನು ನಿಮಿಷಕ್ಕೆ 85-90 ಸುತ್ತಿಗೆ ತಂದುಕೊಳ್ಳಿ. ಎರಡು ಗಂಟೆಗಿಂತ ಹೆಚ್ಚಿನ ಸವಾರಿಯಲ್ಲಿ ಪ್ರತಿ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಈ ಮೋಡ್ ತೆಗೆದು, ಗೇರ್ ಬದಲಾಯಿಸುತ್ತ ನಿಮ್ಮ ಮನಸ್ಸಿಗೆ ಬಂದಂತೆ ತುಳಿಯುವುದು ಕಾಲಿಗೂ ತಲೆಗೂ ಹಿತ.

ಸೀಟಿನ ನೋವು ತಡೆಯಲಾಗುತ್ತಿಲ್ಲ. ಸೀಟು ಬದಲಿಸಬೇಕೆ?

ರಸ್ತೆಯಲ್ಲಿ ಹಿತವಾಗಿದ್ದ ಸೀಟು ಒಳಗೆ ನೋಯಿಸಿದರೆ ತಪ್ಪು ಸೀಟಿನದಲ್ಲ. ರಸ್ತೆಯಲ್ಲಿ ನಮಗರಿವಿಲ್ಲದೆ ನಾವು ನಿಮಿಷನಿಮಿಷಕ್ಕೂ ಎದ್ದು ಕೂರುತ್ತಿರುತ್ತೇವೆ. ಗುಂಡಿ, ಉಬ್ಬು, ಏರು ನಮ್ಮನ್ನು ಎಬ್ಬಿಸುತ್ತವೆ. ಒಳಗೆ ಎಬ್ಬಿಸುವವರಿಲ್ಲ. ಹತ್ತು ನಿಮಿಷಕ್ಕೊಮ್ಮೆ ಫೋನಿನಲ್ಲಿ ಗಂಟೆ ಬಾರಿಸುವಂತಿಟ್ಟು, ಬಾರಿಸಿದಾಗಲೆಲ್ಲ ಎರಡು ಗೇರ್ ಗಟ್ಟಿ ಮಾಡಿ 30 ಸೆಕೆಂಡು ನಿಂತು ತುಳಿಯಿರಿ. ನೋವು ಶುರುವಾದ ಮೇಲೆ ಎದ್ದರೆ ಪ್ರಯೋಜನ ಕಡಿಮೆ, ನೋವಿಲ್ಲದಾಗಲೇ ಏಳಬೇಕು.

ಪ್ಯಾಡ್ ಇರುವ ಶಾರ್ಟ್ಸ್ ಒಗೆದದ್ದೇ ಆಗಿರಲಿ, ಒಳಉಡುಪು ಬೇಡ. ಒದ್ದೆ ಬಟ್ಟೆಯ ಉಜ್ಜುವಿಕೆಯೇ ಹುಣ್ಣಿನ ಮೂಲವಾದ್ದರಿಂದ ಎರಡು ಗಂಟೆ ಮೀರಿದ ಸವಾರಿಯಲ್ಲಿ ನಡುವೆ ಇಳಿದು ಒಣ ಶಾರ್ಟ್ಸ್ ಬದಲಿಸುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಮುಗಿದ ಕೂಡಲೇ ಸ್ನಾನ ಮಾಡಿ. ಮುಂಚಕ್ರದ ಕೆಳಗೆ ಆಧಾರದ ದಿಮ್ಮಿ ಇಟ್ಟು ಸೈಕಲ್ ಸಮಮಟ್ಟದಲ್ಲಿದೆಯೇ ಎಂದೂ ನೋಡಿಕೊಳ್ಳಿ. ಮೂತಿ ತಗ್ಗಿದ್ದರೆ ಮೈಭಾರವೆಲ್ಲ ಅಂಗೈಗೆ ಬಿದ್ದು ಬೆರಳು ಜೋಮು ಹಿಡಿಯುತ್ತದೆ.

ಏನು ಕುಡಿಯಬೇಕು, ಏನು ತಿನ್ನಬೇಕು?

ಮನೆಯಲ್ಲೇ ಇದ್ದೇವೆಂಬ ಧೈರ್ಯದಿಂದ ಜನ ತಿನ್ನುವುದನ್ನೇ ಮರೆಯುತ್ತಾರೆ. 140 ವ್ಯಾಟ್‌ನಲ್ಲಿ ಮೂರು ಗಂಟೆ ತುಳಿದರೆ ಸುಮಾರು 1,500 ಕಿಲೋಜೂಲ್ ಕೆಲಸವಾಗುತ್ತದೆ. ದೇಹದ ದಕ್ಷತೆಯನ್ನು ಲೆಕ್ಕಕ್ಕೆ ಹಿಡಿದರೆ ಇದು ಹೆಚ್ಚುಕಡಿಮೆ 1,500 ಕಿಲೋ ಕ್ಯಾಲೊರಿ ಖರ್ಚಿಗೆ ಸಮ. ಒಂದೂವರೆ ಗಂಟೆ ಮೀರುವ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಒಳಹೋಗುವಂತೆ ನೋಡಿಕೊಳ್ಳಿ, ಅದೂ ಮೊದಲ ಅರ್ಧ ಗಂಟೆಯಿಂದಲೇ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಅಂಗಡಿಯ ಜೆಲ್‌ಗಳು ರಸ್ತೆಗೆ ಅನುಕೂಲ, ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿರುವಾಗ ಅವುಗಳ ಅಗತ್ಯ ನನಗೆ ಕಂಡಿಲ್ಲ.

ನಾನು ಹಲವು ಚಳಿಗಾಲಗಳಿಂದ ನೆಚ್ಚಿರುವುದು ರಾಮನವಮಿಯ ಪಾನಕವನ್ನು. ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣಿನ ರಸ, ಕಾಲು ಟೀ ಚಮಚ ಉಪ್ಪು. ಬೆಲ್ಲದಲ್ಲಿ ಹೆಚ್ಚಿನದು ಸುಕ್ರೋಸ್. ಅದು ಒಡೆದು ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಆಗುತ್ತದೆ, ಇವೆರಡನ್ನೂ ಕರುಳು ಬೇರೆಬೇರೆ ದಾರಿಯಿಂದ ಹೀರಿಕೊಳ್ಳುವುದರಿಂದ ಹೊಟ್ಟೆ ಭಾರವಾಗುವುದು ಕಡಿಮೆ. ಅಷ್ಟು ಉಪ್ಪಿನಲ್ಲಿ 600 ಮಿಲಿಗ್ರಾಂ ಆಸುಪಾಸು ಸೋಡಿಯಂ ಸಿಗುತ್ತದೆ. ಬೆಲ್ಲ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಲೇಬೇಕು. ಶುಂಠಿ, ಏಲಕ್ಕಿಯ ಪುಡಿ ಬಾಟಲಿಯ ಬಾಯಿಗೆ ಕಟ್ಟಿಕೊಳ್ಳುವುದರಿಂದ ಜಜ್ಜಿದ ಹಸಿಶುಂಠಿಯನ್ನು ನೆನೆಸಿ ತೆಗೆದುಬಿಡಿ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ಇದನ್ನು ವೈದ್ಯರಲ್ಲಿ ಕೇಳಿಯೇ ಕುಡಿಯಬೇಕು.

ನೀರು ಎಷ್ಟು ಬೇಕೆಂದು ತಿಳಿಯಲು ಒಂದು ಗಂಟೆಯ ಸವಾರಿಗೆ ಮುಂಚೆ ಮತ್ತು ಮೈ ಒರೆಸಿಕೊಂಡ ಮೇಲೆ ತೂಕ ನೋಡಿ. ಇಳಿದ ಒಂದೊಂದು ಕಿಲೋ ಒಂದೊಂದು ಲೀಟರ್ ಬೆವರಿಗೆ ಸಮ, ನಡುವೆ ಕುಡಿದದ್ದನ್ನು ಅದಕ್ಕೆ ಕೂಡಿಸಿ. ಪೂರ್ತಿ ತುಂಬಿಸಬೇಕೆಂದು ಒತ್ತಾಯದಿಂದ ಕುಡಿಯುವುದು ಬೇಡ. ಕಳೆದುಕೊಂಡದ್ದಕ್ಕಿಂತ ಹೆಚ್ಚು ಬರಿನೀರು ಕುಡಿಯುವುದು ಅಪಾಯಕರ.

ಬೇಸರವನ್ನು ಹೇಗೆ ನಿಭಾಯಿಸಲಿ?

ಶಾಖ, ಸೀಟು, ಆಹಾರ ಮೂರನ್ನೂ ಸರಿಮಾಡಿದ ಮೇಲೆ ಉಳಿಯುವ ಬೇಸರ ನೀವು ಹೆದರಿದಷ್ಟು ದೊಡ್ಡದಿರುವುದಿಲ್ಲ. ಮೂರು ಗಂಟೆಯನ್ನು ಮೂರು ಗಂಟೆಯೆಂದು ನೋಡದೆ 20 ನಿಮಿಷದ ಒಂಬತ್ತು ತುಂಡುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಒಂದು ಕೆಲಸ ಕೊಡಿ: ಒಂದರಲ್ಲಿ ನಿಮಿಷಕ್ಕೆ 95 ಸುತ್ತು, ಇನ್ನೊಂದರಲ್ಲಿ 70, ಮತ್ತೊಂದರಲ್ಲಿ ಹ್ಯಾಂಡಲಿನ ಕೆಳಬಾಗನ್ನು ಹಿಡಿದು. ಉಳಿದ ಸಮಯ ತೋರುವ ಅಂಕಿಯನ್ನು ಪರದೆಯಿಂದ ತೆಗೆದುಹಾಕಿ.

ನೋಡುವುದಕ್ಕಿಂತ ಕೇಳುವುದು ದೀರ್ಘ ಸವಾರಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನುಭವ, ಏಕೆಂದರೆ ಕತ್ತು ಒಂದೇ ಕಡೆ ನೆಟ್ಟಿರಬೇಕಿಲ್ಲ. ಇದಕ್ಕೆ ತಾಳಮದ್ದಳೆಗಿಂತ ತಕ್ಕದ್ದನ್ನು ನಾನು ಕಂಡಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಎಲ್ಲವೂ ಮಾತು ಮತ್ತು ಪದ್ಯ. ಕೃಷ್ಣಸಂಧಾನದ ಒಂದು ವಾದಕ್ಕೆ ಇನ್ನೊಬ್ಬ ಅರ್ಥಧಾರಿ ಏನುತ್ತರ ಕೊಡುತ್ತಾರೋ ಎಂದು ಕಾಯುತ್ತಿರುವಾಗ ಅರ್ಧ ಗಂಟೆ ಕಳೆದದ್ದೇ ತಿಳಿಯುವುದಿಲ್ಲ, ಚೆಂಡೆ ಏರಿದಾಗ ಕಾಲೂ ತಾನಾಗಿ ಏರುತ್ತದೆ. ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಅನುಕೂಲವಿದೆ: ಮೆಲ್ಬರ್ನ್‌ನಲ್ಲಿ ಡಿಸೆಂಬರ್ 26ರ ಬೆಳಿಗ್ಗೆ 10:30ಕ್ಕೆ ಟೆಸ್ಟ್ ಪಂದ್ಯ ಶುರುವಾದಾಗ ಮಿನಿಯಾಪೊಲಿಸ್‌ನಲ್ಲಿ 25ರ ಸಂಜೆ 5:30. ಊಟದ ವಿರಾಮದವರೆಗಿನ ಎರಡು ಗಂಟೆ ಅಳೆದು ಕೊಟ್ಟಂಥ ಸವಾರಿ. 2024ರಲ್ಲಿ ಭಾರತ ಅಲ್ಲಿ ಆಡಿದ ಟೆಸ್ಟ್‌ನ ದಿನಗಳಲ್ಲಿ ನಾನು ಒಂದು ಸಂಜೆಯೂ ತಪ್ಪಿಸಲಿಲ್ಲ.

ಜ್ವಿಫ್ಟ್‌ನಂಥ ಆ್ಯಪ್ ಬೇಕೇ ಬೇಕೆ?

ಪರದೆಯ ಮೇಲಿನ ರಸ್ತೆಗಳಲ್ಲಿ ಬೇರೆಯವರ ಜೊತೆ ತುಳಿಯಲು ಬಿಡುವ ಈ ಆ್ಯಪ್‌ಗಳು ಕಡ್ಡಾಯವಲ್ಲ. ಆದರೆ ಗುಂಪಿನಲ್ಲಿ ತುಳಿದು ಅಭ್ಯಾಸವಿದ್ದವರಿಗೆ ದೊಡ್ಡ ಆಸರೆ. ಮೈವೂಶ್ ಉಚಿತ; ಜ್ವಿಫ್ಟ್, ರೂವಿ ತಿಂಗಳ ಚಂದಾದವು. ಜ್ವಿಫ್ಟ್‌ನಲ್ಲಿ ಫ್ರಾನ್ಸಿನ ಆಲ್ಪ್ ದುಯೆಜ್ ಮಾದರಿಯ 21 ತಿರುವುಗಳ, ಸುಮಾರು 12 ಕಿ.ಮೀ.ಯ ಏರಿದೆ, ತಿರುವುಗಳನ್ನು ಎಣಿಸುತ್ತ ಹತ್ತುವುದರಿಂದ ಸಮಯ ತಾನಾಗಿ ತುಂಡಾಗುತ್ತದೆ. ಬೇರೆ ಊರಿನ ಗೆಳೆಯರೊಂದಿಗೆ ಒಂದೇ ಹೊತ್ತಿಗೆ ಸೇರಿ, ಕರೆಯಲ್ಲಿ ಮಾತಾಡುತ್ತ ತುಳಿಯುವುದು ಇನ್ನೂ ಚೆನ್ನ. ಎಚ್ಚರಿಕೆ ಒಂದೇ: ಪರದೆಯ ಮೇಲೆ ಯಾರಾದರೂ ದಾಟಿಹೋದರೆ ಬೆನ್ನಟ್ಟಬೇಡಿ. ಹಗುರ ಸವಾರಿ ಪೈಪೋಟಿಯಾಗಿ ಬದಲಾಗಿ ಮರುದಿನದ ಅಭ್ಯಾಸವೂ ಕೆಡುತ್ತದೆ.

ಕೆಳಗಿನ ಮನೆಯವರು ಸದ್ದಿನ ಬಗ್ಗೆ ದೂರುತ್ತಿದ್ದಾರೆ.

ಅವರಿಗೆ ಕೇಳಿಸುತ್ತಿರುವುದು ಬಹುಶಃ ಚೈನಿನ ಸದ್ದಲ್ಲ, ನೆಲದ ಮೂಲಕ ಇಳಿಯುವ ಕಂಪನ. ದಪ್ಪ ರಬ್ಬರ್ ಚಾಪೆ, ಅದರ ಮೇಲೆ ಪ್ಲೈವುಡ್ ಹಲಗೆ, ಮೇಲೆ ಟ್ರೈನರ್ ಎಂಬ ಜೋಡಣೆ ಕಂಪನವನ್ನು ಬಹಳಷ್ಟು ತಗ್ಗಿಸುತ್ತದೆ. ಕೋಣೆಯ ನಡುವಿಗಿಂತ ಗೋಡೆಯ ಹತ್ತಿರದ ನೆಲ ಕಡಿಮೆ ಅದುರುತ್ತದೆ. ಅದಕ್ಕೂ ಮುಂಚೆ ಕೆಳಮನೆಗೆ ಹೋಗಿ ಯಾವ ಹೊತ್ತು ಅವರಿಗೆ ತೊಂದರೆಯಿಲ್ಲವೆಂದು ಕೇಳಿ ಬನ್ನಿ.

ಬೆವರಿನಿಂದ ಸೈಕಲ್ ಹಾಳಾಗುತ್ತದೆಯೆ?

ಆಗುತ್ತದೆ, ಕಣ್ಣಿಗೆ ಕಾಣದಂತೆ ಆಗುತ್ತದೆ. ನನ್ನ ಮೂರನೆಯ ಚಳಿಗಾಲ ಮುಗಿದಾಗ ಹ್ಯಾಂಡಲಿನ ಟೇಪು ಬಿಚ್ಚಿದೆ. ಒಳಗಿನ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಉದುರುತ್ತಿತ್ತು, ಬ್ರೇಕಿನ ಹಿಡಿಕೆಯ ಬಳಿ ಉಗುರು ಇಳಿಯುವಷ್ಟು ಕುಳಿ ಬಿದ್ದಿತ್ತು. ಅದೇ ಸೈಕಲ್ಲಿನಲ್ಲಿ ವಸಂತದ ಇಳಿಜಾರು ಇಳಿದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹ್ಯಾಂಡಲಿನ ಮೇಲೂ ಚೌಕಟ್ಟಿನ ಮೇಲಿನ ಕೊಳವೆಯ ಮೇಲೂ ಟವೆಲ್ ಹಾಸಿ, ಸವಾರಿ ಮುಗಿದೊಡನೆ ಒದ್ದೆ ಬಟ್ಟೆಯಿಂದ ಒರೆಸಿ, ಮಾರ್ಚ್‌ನಲ್ಲಿ ಟೇಪನ್ನು ತಪ್ಪದೆ ಬಿಚ್ಚಿ ನೋಡಿ, ಹೆಡ್‌ಸೆಟ್‌ನ (ಹ್ಯಾಂಡಲ್ ತಿರುಗುವ ಜಾಗದ) ಬೇರಿಂಗುಗಳನ್ನೂ ಪರೀಕ್ಷಿಸಿ. ಕಾರ್ಬನ್ ಚೌಕಟ್ಟಿನವರು ಟ್ರೈನರಿಗೆ ಕೂರಿಸಲು ತಯಾರಕರ ಒಪ್ಪಿಗೆ ಇದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ನಡುವೆ ಇಳಿದರೆ ಅಭ್ಯಾಸ ವ್ಯರ್ಥವೆ? ಯಾವಾಗ ಪೂರ್ತಿ ನಿಲ್ಲಿಸಬೇಕು?

ನೀರು ತುಂಬಿಸಲು, ಬಟ್ಟೆ ಬದಲಿಸಲು ಎರಡು ಮೂರು ನಿಮಿಷ ಇಳಿಯುವುದರಿಂದ ಏನೂ ನಷ್ಟವಿಲ್ಲ. ರಸ್ತೆಯಲ್ಲಿ ಇದಕ್ಕಿಂತ ಹೆಚ್ಚು ನಿಲ್ಲುತ್ತೇವೆ. ಆದರೆ ಎದೆಯಲ್ಲಿ ನೋವು ಅಥವಾ ಬಿಗಿತ, ತಲೆಸುತ್ತು, ಹೃದಯದ ಬಡಿತ ತಾಳ ತಪ್ಪಿದಂತೆ ಭಾಸವಾಗುವುದು, ಬೆವರು ನಿಂತು ಮೈ ನಡುಗುವುದು, ಇವುಗಳಲ್ಲಿ ಯಾವುದೇ ಕಂಡರೂ ತಕ್ಷಣ ಇಳಿಯಿರಿ. ಎದೆನೋವು ಇಳಿದ ಮೇಲೂ ಹೋಗದಿದ್ದರೆ ಕಾಯದೆ 911ಕ್ಕೆ ಕರೆಮಾಡಿ. ಜ್ವರವಿದ್ದ ದಿನ ಹತ್ತಲೇಬೇಡಿ. ಮನೆಯಲ್ಲಿ ಒಬ್ಬರೇ ಇದ್ದಾಗ ಫೋನು ಕೈಗೆಟುಕುವಲ್ಲಿರಲಿ.

ಚಳಿಗಾಲವಿಡೀ ಒಳಗೇ ಇರಬೇಕೆ?

ಇಲ್ಲ. ಮಿನಿಯಾಪೊಲಿಸ್‌ನ ಮಿಡ್‌ಟೌನ್ ಗ್ರೀನ್‌ವೇಯಂಥ ಸೈಕಲ್ ದಾರಿಗಳಲ್ಲಿ ಚಳಿಗಾಲದುದ್ದಕ್ಕೂ ಹಿಮ ತೆಗೆಯುತ್ತಾರೆ; ದಪ್ಪ ಟಯರಿನ ಫ್ಯಾಟ್ ಬೈಕ್ ಅಥವಾ ಮೊಳೆ ಟಯರ್ ಇದ್ದರೆ ತಿಂಗಳಲ್ಲಿ ಕೆಲವು ದಿನ ಹೊರಗೆ ಹೋಗಬಹುದು. ಗಾಳಿಯ ಕೊರೆತ ಸೇರಿಸಿ ಉಷ್ಣತೆ ಸೊನ್ನೆಗಿಂತ 28 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು, ಆ ದಿನ ಟ್ರೈನರೇ ಸರಿ.

ವಸಂತದ ಮೊದಲ ರಸ್ತೆ ಸವಾರಿಗೆ ಏನು ಗಮನಿಸಬೇಕು?

ಕಾಲಿಗೆ ಬಲವಿರುತ್ತದೆ, ಕೈಗೆ ರಸ್ತೆ ಮರೆತಿರುತ್ತದೆ. ನಾಲ್ಕು ತಿಂಗಳು ತಿರುವು ತೆಗೆದುಕೊಂಡಿಲ್ಲ, ಬ್ರೇಕ್ ಹಿಡಿದಿಲ್ಲ, ಬಾಟಲಿ ತೆಗೆಯುವಾಗ ಸಮತೋಲ ಕಾಯ್ದುಕೊಂಡಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ ಮರಳು ತಿರುವುಗಳ ಅಂಚಿನಲ್ಲಿ ಏಪ್ರಿಲ್‌ವರೆಗೂ ಉಳಿದಿರುತ್ತದೆ. ಅದರ ಮೇಲೆ ಓರೆಯಾದರೆ ಚಕ್ರ ಜಾರುತ್ತದೆ. ಮೊದಲ ಎರಡು ಸವಾರಿಗಳನ್ನು ಒಂದು ಗಂಟೆಗೆ ಮಿತಿಗೊಳಿಸಿ, ಗುಂಪಿನಿಂದ ದೂರವಿರಿ. ಟಯರಿನ ಗಾಳಿ, ಬ್ರೇಕಿನ ಪ್ಯಾಡು, ಹಿಂಚಕ್ರದ ಆ್ಯಕ್ಸಲ್ ಬಿಗಿಯಾಗಿದೆಯೇ ಎಂಬುದನ್ನು ಹೊರಡುವ ಮೊದಲು ಕೈಯಿಂದ ಮುಟ್ಟಿ ನೋಡಿ. ಟ್ರೈನರಿನಿಂದ ಇಳಿಸಿದ ಸೈಕಲ್ಲಿನಲ್ಲಿ ಸಡಿಲ ಉಳಿಯುವುದು ಹೆಚ್ಚಾಗಿ ಆ ಆ್ಯಕ್ಸಲಿನಲ್ಲಿಯೇ.